ಬಂಗುಡೆಯ ಕಿವಿರಿನಲ್ಲೊಂದು ಸಂಸಾರ

ಉಚ್ಚಿಲದ ಆಸುಪಾಸಿನಲ್ಲಿ ಬಂಗುಡೆ ಕೊಂಡು ತಂದು ಮೆಟ್ಟುಕತ್ತಿಯ ಮುಂದೆ ಕುಳಿತವರಿಗೆ ಈ ಹುಳ ಹೊಸದೇನಲ್ಲ. ಕಿವಿರಿನ ಮುಚ್ಚಳ ಎತ್ತಿ ಒಳಗಿನದನ್ನು ಕಿತ್ತು ತೆಗೆಯುವಾಗ ಒಮ್ಮೊಮ್ಮೆ ಬೆರಳಿಗೆ ಗಟ್ಟಿಯಾದದ್ದೇನೋ ತಗಲುತ್ತದೆ. ಹಾಲುಬಿಳಿ ಬಣ್ಣ, ಒಂದು ಪಕ್ಕಕ್ಕೆ ತಿರುಚಿಕೊಂಡ ಮೈ, ಏಳು ಜೋಡಿ ಕೊಕ್ಕೆಗಾಲು. ಇಸ್ಸಿ ಎಂದು ಕಿವಿರಿನ ಜೊತೆಗೇ ಬೆಕ್ಕಿಗೆ ಎಸೆದುಬಿಡುತ್ತೇವೆ. ಅದರಿಂದ ಮನುಷ್ಯರಿಗೆ ಅಪಾಯವಿಲ್ಲ, ಮೀನು ತೊಳೆದು ಸಾರು ಮಾಡಬಹುದು. ಆದರೆ ಎಸೆಯುವ ಮೊದಲು ಸುತ್ತ ಇನ್ನೊಮ್ಮೆ ಹುಡುಕಬೇಕು. ಅದೇ ಕಿವಿರಿನ ಗೂಡಿನಲ್ಲೋ ಮೀನಿನ ಇನ್ನೊಂದು ಪಕ್ಕದಲ್ಲೋ ಅದರ ಗಂಡು ಅಡಗಿರಬಹುದು, ಗಾತ್ರದಲ್ಲಿ ತುಂಬ ಚಿಕ್ಕದು.

ವಿಜ್ಞಾನದಲ್ಲಿ ಇದರ ಹೆಸರು ನೊರಿಲೆಕ ಇಂಡಿಕ. ಹುಳವೆನ್ನುವುದು ನಮ್ಮ ಮಾತಿನ ರೂಢಿ, ವಂಶದಲ್ಲಿ ಇದು ಸಿಗಡಿ, ಏಡಿಗಳ ನೆಂಟ. ಪರಾವಲಂಬಿ ಎಂದೊಡನೆ ನಾವು ಯೋಚಿಸುವುದು ಅದು ಕದಿಯುವ ಅನ್ನದ ಬಗ್ಗೆ. ನನಗೆ ಕಾಣುವಂತೆ ಅದಕ್ಕೆ ಅನ್ನ ದೊಡ್ಡ ಚಿಂತೆಯಲ್ಲ, ಸುತ್ತಲೂ ರಕ್ತವೇ ಇದೆ. ಒಂದು ಮೀನಿನ ಕೆನ್ನೆಯೊಳಗೆ ಬಂಧಿಯಾಗಿ ಕುಳಿತ ಜೀವಿಗೆ ಸಂಗಾತಿ ಎಲ್ಲಿಂದ ಸಿಗಬೇಕು, ಮಕ್ಕಳು ಇನ್ನೊಂದು ಮೀನನ್ನು ಹೇಗೆ ಸೇರಬೇಕು ಎಂಬುದೇ ಕಷ್ಟದ ಪ್ರಶ್ನೆ. ಅದರ ಬದುಕೆಲ್ಲ ಈ ಪ್ರಶ್ನೆಯ ಸುತ್ತಲೇ ರೂಪುಗೊಂಡಿದೆ.

ಮೀನಿಗೆ ಅಂಟಿ ಬದುಕುವ ಇದರ ಬಳಗದ ಜೀವಿಗಳಲ್ಲಿ ಎಲ್ಲವೂ ಮೊದಲು ಗಂಡು. ಮೀನಿನ ಮೈಗೆ ಮೊದಲು ಬಂದು ಅಂಟಿಕೊಂಡದ್ದು ಬೆಳೆಯುತ್ತ, ಪೊರೆ ಕಳಚುತ್ತ ಹೆಣ್ಣಾಗುತ್ತದೆ. ಆಮೇಲೆ ಬಂದದ್ದು, ಆ ಹೆಣ್ಣು ಇರುವಷ್ಟು ಕಾಲ ಗಂಡಾಗಿಯೇ ಉಳಿಯುತ್ತದೆ. ಯಾವ ಎರಡು ಮರಿಗಳು ಒಂದೇ ಮೀನಿಗೆ ಬಂದು ಸೇರಿದರೂ ಸಂಸಾರ ಹೂಡಬಹುದು, ಎರಡೂ ಗಂಡಾಗಿಯೋ ಎರಡೂ ಹೆಣ್ಣಾಗಿಯೋ ಉಳಿದು ಬದುಕು ವ್ಯರ್ಥವಾಗುವ ಭಯವಿಲ್ಲ. ಇದರಲ್ಲಿ ಇನ್ನೊಂದು ಲೆಕ್ಕವೂ ಇದೆ. ವೀರ್ಯ ತಯಾರಿಸಲು ಸಣ್ಣ ಮೈ ಸಾಕು, ಮೊಟ್ಟೆ ಹೊರಲು ದೊಡ್ಡ ಮೈ ಬೇಕು. ಹೊಟ್ಟೆಯಡಿಯ ತೆಳು ಪದರಗಳು ಸೇರಿ ಆದ ಚೀಲದಲ್ಲಿ ಹೆಣ್ಣು ನೂರಾರು ಮೊಟ್ಟೆಗಳನ್ನು ಹೊತ್ತು ಮರಿ ಮಾಡುತ್ತದೆ. ತುಂಬಿದ ಚೀಲವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಕಪ್ಪು ಚುಕ್ಕೆಯಂಥ ಕಣ್ಣುಗಳುಳ್ಳ ಮರಿಗಳು ಹೊರಬರುವುದುಂಟು.

ಆ ಮರಿಗಳಿಗೆ ಇರುವುದು ಆರು ಜೋಡಿ ಕಾಲು, ಏಳನೆಯದು ಆಮೇಲೆ ಮೂಡುತ್ತದೆ. ಈಜಬಲ್ಲ ಕಾಲ ಇದೊಂದೇ. ಚೀಲ ಬಿಟ್ಟು ಕಡಲಿಗೆ ಬಿದ್ದ ಮೇಲೆ ಕೈಯಲ್ಲಿರುವ ಅಲ್ಪ ಸಮಯದಲ್ಲಿ ಮೀನೊಂದನ್ನು ಹಿಡಿಯಲೇಬೇಕು. ಬಂಗುಡೆ ಹಿಂಡು ಕಟ್ಟಿ ಓಡಾಡುವ ಮೀನಾದದ್ದು ಇವುಗಳಿಗೆ ಅನುಕೂಲ. ಹಾಗಿದ್ದೂ ಬಹುಪಾಲು ಮರಿಗಳು ಕಡಲಿನಲ್ಲೇ ಕಳೆದುಹೋಗುತ್ತವೆ. ತಲುಪಿದವು ಕೊಕ್ಕೆ ಊರಿದ ಮೇಲೆ ಈಜನ್ನೇ ಮರೆಯುತ್ತವೆ. ಒಂದೇ ತಾಯಿಯ ಮಕ್ಕಳು ನೀರಿನಲ್ಲಿ ಚದುರಿಹೋಗುವುದರಿಂದ ಬೇರೆ ಬೇರೆ ಮನೆತನದ ವಂಶವಾಹಿಗಳು ಒಂದು ಕಿವಿರಿನಲ್ಲಿ ಬೆರೆಯುವ ಅವಕಾಶ ಹೆಚ್ಚು.

ಕರಾವಳಿಯ ಇನ್ನೊಂದು ಪರಾವಲಂಬಿ ಇದೇ ಕಷ್ಟವನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿದೆ. ಅದು ಮಲೇರಿಯಾದ ರೋಗಾಣು. ಮಂಗಳೂರಿನಲ್ಲಿ 1990ರ ದಶಕದಿಂದ ಜನರನ್ನು ಕಾಡಿದ್ದು ಹೆಚ್ಚಾಗಿ ಅದರ ವೈವಾಕ್ಸ್ ಬಗೆ, ಹರಡಿದ್ದು ಕಟ್ಟಡ ಕಾಮಗಾರಿಯ ತೊಟ್ಟಿ, ತಾರಸಿಯ ಟ್ಯಾಂಕ್‌ಗಳಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಸೊಳ್ಳೆ. ನಮ್ಮ ರಕ್ತದಲ್ಲಿ ಅದು ಒಂದು ಎರಡಾಗಿ, ಎರಡು ಹತ್ತಾಗಿ ತನ್ನ ಪಡಿಯಚ್ಚುಗಳನ್ನೇ ಹೆಚ್ಚಿಸಿಕೊಳ್ಳುತ್ತದೆ, ಗಂಡು ಹೆಣ್ಣಿನ ಕೂಟ ಅಲ್ಲಿ ನಡೆಯುವುದಿಲ್ಲ. ಕೆಲವು ಮಾತ್ರ ಗಂಡು, ಹೆಣ್ಣು ರೂಪ ತಾಳಿ ಸೊಳ್ಳೆಗಾಗಿ ಕಾಯುತ್ತವೆ. ಸೊಳ್ಳೆ ಕಚ್ಚಿ ಹೀರಿದ ರಕ್ತ ಅದರ ಹೊಟ್ಟೆ ಸೇರಿದಾಗ ಬಿಸಿ ಇಳಿಯುತ್ತದೆ. ಆ ತಂಪೇ ಒಂದು ಸೂಚನೆ. ಹದಿನೈದು ನಿಮಿಷದ ಆಚೀಚೆ ಒಂದೊಂದು ಗಂಡು ಕೋಶದಿಂದ ಬಾಲವುಳ್ಳ ಎಂಟು ಎಳೆಗಳು ಸಿಡಿದು ಹೆಣ್ಣನ್ನು ಅರಸುತ್ತವೆ. ಇಂಥ ಎಳೆಯೊಂದು ಹೆಣ್ಣುಕೋಶವನ್ನು ಹೊಕ್ಕದ್ದನ್ನು 1897ರಲ್ಲಿ ಮೊದಲು ಕಂಡವನು ವಿಲಿಯಂ ಮೆಕ್ಯಾಲಮ್, ಅದೂ ಕಾಗೆಯ ರಕ್ತದಲ್ಲಿ, ಮಲೇರಿಯಾದ ಹತ್ತಿರದ ಸಂಬಂಧಿಯೊಂದರಲ್ಲಿ. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯ ಮೇಲೆ ರೋಗಾಣುವಿನ ಗುಳ್ಳೆಗಳನ್ನು ಕಂಡ.

ನಮ್ಮೊಳಗೆ ಈ ರೋಗಾಣುವಿಗೆ 14 ವರ್ಣತಂತುಗಳ ಒಂದೇ ಕಟ್ಟು. ಸೊಳ್ಳೆಯ ಹೊಟ್ಟೆಯಲ್ಲಿ ಕೆಲವು ಗಂಟೆ ಮಾತ್ರ ಎರಡು ಕಟ್ಟುಗಳು ಕೂಡಿ, ಅದಲುಬದಲಾಗಿ, ಮತ್ತೆ ಬೇರೆಯಾಗುತ್ತವೆ. ಎರಡು ತಳಿ ಹೊಕ್ಕ ಒಬ್ಬ ರೋಗಿಯನ್ನು ಸೊಳ್ಳೆ ಕಚ್ಚಿದ್ದರೆ, ಒಂದರ ಔಷಧನಿರೋಧಕ ಗುಣ ಇನ್ನೊಂದರ ಬೇರೆ ಗುಣದ ಜೊತೆ ಸೇರಿ ಹೊಸ ತಳಿ ಹುಟ್ಟುವುದು ಇಲ್ಲಿಯೇ.

ವೈವಾಕ್ಸ್‌ನ ಗಂಡು ಹೆಣ್ಣು ರೂಪಗಳು ಬಹಳ ಬೇಗ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ, ರೋಗಿ ರಕ್ತ ಪರೀಕ್ಷೆಗೆ ಹೋಗುವ ಮೊದಲೇ ಸೊಳ್ಳೆಗೆ ದಾಟಿರಬಹುದು. ಸಾಲದ್ದಕ್ಕೆ ಕೆಲವು ಯಕೃತ್ತಿನಲ್ಲಿ ನಿದ್ರಿಸುತ್ತ ಉಳಿಯುತ್ತವೆ. ಅವನ್ನು ಕೊಲ್ಲಲು ಪ್ರೈಮಾಕ್ವಿನ್ ಗುಳಿಗೆಯನ್ನು 14 ದಿನ ನುಂಗಬೇಕು. ಜ್ವರ ಬಿಟ್ಟಿತೆಂದು ನಡುವೆಯೇ ನಿಲ್ಲಿಸಿದವರಲ್ಲಿ ಅವು ತಿಂಗಳುಗಳ ಬಳಿಕ ಎದ್ದು ರಕ್ತಕ್ಕಿಳಿದು, ಮತ್ತೆ ಗಂಡು ಹೆಣ್ಣಾಗಿ ಮುಂದಿನ ಸೊಳ್ಳೆಗೆ ಸಿದ್ಧವಾಗುತ್ತವೆ.