ಗುಪ್ತ ಕಿಟಕಿಯ ಭ್ರಮೆ

ಮಂಗಳೂರಿನ ನಮ್ಮ ವಿದ್ಯಾರ್ಥಿಯೊಬ್ಬನು, ಮನೆಯವರಿಗೂ ಹೇಳಲಾಗದ ಕಾಯಿಲೆಯೊಂದರ ವಿಷಯವನ್ನು ಕಾಲೇಜಿನ ವೈ-ಫೈಯಲ್ಲಿ ಹುಡುಕಿ, ‘ಇನ್‌ಕಾಗ್ನಿಟೊ’ ಕಿಟಕಿಯಲ್ಲಿ ನೋಡಿದುದರಿಂದ ಯಾರಿಗೂ ತಿಳಿಯದೆಂದು ನಂಬಿದ್ದನು.

ಹಂಪನಕಟ್ಟೆಯಲ್ಲಿ ಲಕೋಟೆಯೊಂದನ್ನು ಅಂಚೆಗೆ ಹಾಕಿ, ಅದನ್ನು ದಿನಚರಿಯಲ್ಲಿ ಬರೆಯದಿದ್ದರೆ ಮನೆಯವರಿಗೆ ತಿಳಿಯದು, ದಿಟ. ಒಳಗಣ ಒಕ್ಕಣೆ ಕಾಣದಿದ್ದರೂ ಮೇಲಣ ವಿಳಾಸವನ್ನು ಅಂಚೆಯವನು ಓದಲೇಬೇಕಷ್ಟೆ! ಈ ಕಿಟಕಿಯು ಅಳಿಸುವುದು ನಮ್ಮ ಯಂತ್ರದೊಳಗಣ ಚರಿತ್ರೆ, ಕುಕ್ಕಿಗಳನ್ನು ಮಾತ್ರ. ಜಾಲತಾಣಕ್ಕೆ ನಮ್ಮ ಐ.ಪಿ. ವಿಳಾಸವೂ, ಕಾಲೇಜಿನ ಜಾಲಕ್ಕೆ ಸಾಮಾನ್ಯವಾಗಿ ಆ ತಾಣದ ಹೆಸರೂ ಕಾಣುತ್ತಲೇ ಇರುವುವು. ತನ್ನ ಹೆಸರಿನಿಂದ ಲಾಗಿನ್ ಆದವನಂತೂ ಮುಸುಕು ಹೊದ್ದು ಹಾಜರಿ ಕೂಗಿದಂತೆ.

ವಿ.ಪಿ.ಎನ್. ಬಳಸಿದರೆ ಕಾಲೇಜಿನ ಕಣ್ಣು ತಪ್ಪೀತು. ಆದರೆ ನಮ್ಮ ನಂಬಿಕೆಯನ್ನು ಅದನ್ನು ನಡೆಸುವವನ ಮೇಲಿಡಬೇಕು. ಉಚಿತವಾದುದನ್ನು ಕಂಡರೆ ನಮಗೆ ಸಂಶಯ ಹೆಚ್ಚು. ಚಂದಾದಾರರ ಹೆಸರು, ವಿಳಾಸಗಳನ್ನು ಚಂದಾ ಮುಗಿದ ಮೇಲೂ 5 ವರ್ಷ ಕಾದಿಡಬೇಕೆಂದು ಭಾರತದ ಸರ್ಟ್-ಇನ್ ಸಂಸ್ಥೆಯು 2022ರಲ್ಲಿ ಆಜ್ಞೆ ಹೊರಡಿಸಿತು.