ಹಣವು ಒಂದೇ ಕಡೆ ಸೇರುವುದೇಕೆ?

ಕಾದ ಕಬ್ಬಿಣದ ತುಂಡೊಂದನ್ನು ತಣ್ಣೀರಿನಲ್ಲಿ ಮುಳುಗಿಸಿದರೆ ಸ್ವಲ್ಪ ಹೊತ್ತಿನಲ್ಲಿ ಎರಡರ ಉಷ್ಣತೆಯೂ ಒಂದೇ ಆಗುತ್ತದೆ. ಶಾಖವು ಹೆಚ್ಚಿರುವ ಕಡೆಯಿಂದ ಕಡಮೆ ಇರುವ ಕಡೆಗೆ ತಾನಾಗಿಯೇ ಹರಿಯುವುದು ನಿಸರ್ಗದ ನಿಯಮ. ಹಣವಾದರೋ ಈ ನಿಯಮವನ್ನು ಪಾಲಿಸುವಂತೆ ಕಾಣುವುದಿಲ್ಲ. ಇದ್ದವರ ಮನೆಗೇ ಅದು ಮತ್ತೆ ಮತ್ತೆ ಹೋಗಿ ಸೇರುತ್ತದೆಂಬುದು ಲೋಕದ ಅನುಭವ. ಇದೇಕೆ ಹೀಗೆ? ದುಡಿಯುವವನು ಮುಂದೆ ಬರುತ್ತಾನೆ, ಸೋಮಾರಿಯು ಹಿಂದುಳಿಯುತ್ತಾನೆ ಎಂಬ ಉತ್ತರವು ಸುಲಭವಾದುದು. ಆದರೆ ಅಷ್ಟೇ ಸಾಲದು. ಈ ಪ್ರಶ್ನೆಯನ್ನು ಪರೀಕ್ಷಿಸಿ ನೋಡಲು ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪೆಗಳ ಸೀಮೆಗಿಂತ ಉತ್ತಮವಾದ ಪ್ರಯೋಗಶಾಲೆ ಬೇರೊಂದಿರಲಾರದು.

ಅಸಮತೆಯ ಅಳತೆ

ಯಾವುದನ್ನೇ ಆಗಲಿ ಅಳೆದು ನೋಡಿದ ಮೇಲೆ ಮಾತಾಡುವುದು ವಿಜ್ಞಾನದ ಪದ್ಧತಿ. ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ 1890ರ ದಶಕದಲ್ಲಿ ಹಲವು ನಾಡುಗಳ ತೆರಿಗೆಯ ಲೆಕ್ಕಗಳನ್ನು ಪರಿಶೀಲಿಸಿ, ಮೇಲ್ತುದಿಯ ವರಮಾನಗಳ ಹಂಚಿಕೆಯು ಎಲ್ಲೆಡೆಯೂ ಹೆಚ್ಚುಕಡಮೆ ಒಂದೇ ಬಗೆಯ ಗಣಿತಸೂತ್ರವನ್ನು ಅನುಸರಿಸುವುದನ್ನು ಕಂಡನು. 1912ರಲ್ಲಿ ಅದೇ ದೇಶದ ಕೊರಾಡೊ ಜೀನಿ ಒಂದು ಸೂಚ್ಯಂಕವನ್ನು ಮುಂದಿಟ್ಟನು. ಎಲ್ಲರ ವರಮಾನವೂ ಸಮನಾಗಿದ್ದರೆ ಅದರ ಬೆಲೆ 0. ಇರುವುದೆಲ್ಲವೂ ಒಬ್ಬನ ಪಾಲಾದರೆ 1. ನಿಜವಾದ ಸಮಾಜಗಳೆಲ್ಲ ಇವೆರಡರ ನಡುವೆ ನಿಲ್ಲುತ್ತವೆ.

ಇನ್ನೂ ಸರಳವಾದ ಅಳತೆಯೊಂದುಂಟು. ನೂರು ಜನರಲ್ಲಿ ಅತ್ಯಂತ ಶ್ರೀಮಂತನಾದ ಒಬ್ಬನ ಪಾಲೆಷ್ಟು ಎಂದು ಕೇಳುವುದು. ಪ್ಯಾರಿಸಿನ ವಿಶ್ವ ಅಸಮಾನತಾ ಪ್ರಯೋಗಾಲಯವು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಭಾರತದ ಒಟ್ಟು ವರಮಾನದಲ್ಲಿ ಇಂಥವರ ಪಾಲು 1982ರಲ್ಲಿ ಶೇಕಡ 6ರಷ್ಟಿತ್ತು. 2022-23ರಲ್ಲಿ ಅದು ಶೇಕಡ 22.6 ಆಗಿತ್ತು.

ಭೌತವಿಜ್ಞಾನಕ್ಕೂ ಈ ವಿಷಯಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಹಳೆಯದು. ಮೇಘನಾದ ಸಾಹಾ ಮತ್ತು ಬಿ. ಎನ್. ಶ್ರೀವಾಸ್ತವ ಅವರು 1931ರ ತಮ್ಮ ಶಾಖಶಾಸ್ತ್ರದ ಪಠ್ಯಪುಸ್ತಕದಲ್ಲಿ ಅನಿಲದ ಅಣುಗಳ ವೇಗದ ಹಂಚಿಕೆಯನ್ನು ತಿಳಿಯಪಡಿಸಲು ಜನರ ವರಮಾನದ ಹಂಚಿಕೆಯನ್ನೇ ಹೋಲಿಕೆಯಾಗಿ ಬಳಸಿದರು. ಅಣುಗಳು ಡಿಕ್ಕಿ ಹೊಡೆದು ಶಕ್ತಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಮನುಷ್ಯರು ವ್ಯವಹಾರದಲ್ಲಿ ಹಣವನ್ನು ವಿನಿಮಯ ಮಾಡಿಕೊಳ್ಳುತ್ತಾರೆ.

ಒಂದು ಸರಳವಾದ ಆಟ

ರಾಮಪ್ಪನ ಬಳಿ 100 ರೂಪಾಯಿಗಳೂ ಸೋಮಪ್ಪನ ಬಳಿ 1,000 ರೂಪಾಯಿಗಳೂ ಇವೆಯೆಂದು ಇಟ್ಟುಕೊಳ್ಳೋಣ. ಇಬ್ಬರೂ ನಾಣ್ಯವನ್ನು ಚಿಮ್ಮಿ ಪಂದ್ಯವಾಡುತ್ತಾರೆ. ನಾಣ್ಯದಲ್ಲಿ ಮೋಸವಿಲ್ಲ. ಪಣವೆಷ್ಟು? ಇಬ್ಬರಲ್ಲಿ ಬಡವನಾದವನ ಹಣದ ಐದನೆಯ ಒಂದು ಭಾಗ. ಇದಕ್ಕಿಂತ ನ್ಯಾಯವಾದ ಆಟವಿರಲಾರದೆಂದು ತೋರುತ್ತದೆ.

ಮೊದಲು ರಾಮಪ್ಪ ಗೆದ್ದನು. ಅವನ 100 ರೂಪಾಯಿ 120 ಆಯಿತು. ಬಳಿಕ ಸೋತನು, 120ರ ಐದನೆಯ ಒಂದು ಭಾಗ 24, ಉಳಿದುದು 96. ಮೊದಲು ಸೋತು ಆಮೇಲೆ ಗೆದ್ದಿದ್ದರೂ ಉತ್ತರ ಇಷ್ಟೇ. ಒಂದು ಗೆಲವು, ಒಂದು ಸೋಲು. ಆದರೂ 4 ರೂಪಾಯಿ ಕಡಮೆ! ಹೀಗೆಯೇ ಒಂದಾದ ಮೇಲೊಂದರಂತೆ ಹತ್ತು ಗೆಲವುಗಳೂ ಹತ್ತು ಸೋಲುಗಳೂ ಆದರೆ ರಾಮಪ್ಪನಲ್ಲಿ ಉಳಿಯುವುದು ಸುಮಾರು 66 ರೂಪಾಯಿ. ಹೋದ 34 ಎಲ್ಲಿ? ಸೋಮಪ್ಪನ ಚೀಲದಲ್ಲಿ. ಒಮ್ಮೊಮ್ಮೆ ರಾಮಪ್ಪನಿಗೆ ಸತತವಾಗಿ ಅದೃಷ್ಟ ಒಲಿಯಲೂಬಹುದು. ಆದರೆ ಸಾವಿರಾರು ಆಟಗಾರರನ್ನು ಸಮಾನವಾದ ಹಣದೊಡನೆ ಆಡಲು ಬಿಟ್ಟು ಗಣಕಯಂತ್ರದಲ್ಲಿ ಲೆಕ್ಕಹಾಕಿದಾಗ, ಬಹುಕಾಲದ ಮೇಲೆ ಬಹುಪಾಲು ಹಣವು ಬೆರಳೆಣಿಕೆಯ ಜನರಲ್ಲಿ ಶೇಖರವಾಗುವುದು ಕಂಡುಬಂದಿದೆ. ಅವರು ಜಾಣರೂ ಅಲ್ಲ, ಕಳ್ಳರೂ ಅಲ್ಲ.

ಇದರ ಗುಟ್ಟೇನೆಂದರೆ, ಒಂದೇ ಮೊತ್ತದ ಸೋಲು ಬಡವನಿಗೆ ಬದುಕಿನ ಐದನೆಯ ಒಂದು ಭಾಗ. ಸಿರಿವಂತನಿಗೆ ಗಾಯವೇ ಅಲ್ಲ. ಪ್ರತಿ ಸುತ್ತಿನ ಬಳಿಕ ಎಲ್ಲರಿಂದಲೂ ಅವರವರ ಹಣಕ್ಕೆ ತಕ್ಕಂತೆ ಅಲ್ಪಾಂಶವನ್ನು ತೆಗೆದು ಎಲ್ಲರಿಗೂ ಸಮನಾಗಿ ಹಂಚಿದರೆ ಈ ಶೇಖರಣೆಯು ನಿಲ್ಲುತ್ತದೆ. ಆಗಲೂ ಅಸಮತೆ ಉಳಿಯುವುದು, ಆದರೆ ಮಿತಿಯೊಳಗೆ.

ಸಂಡೂರಿನ ಕೆಂಪು ಧೂಳು

ಆಟದಿಂದ ನಿಜವಾದ ಬದುಕಿಗೆ ಬರೋಣ. ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರು ಉತ್ತಮ ದರ್ಜೆಯದು. 2003ರ ಸುಮಾರಿನಿಂದ ಚೀನದ ಉಕ್ಕಿನ ಕುಲುಮೆಗಳ ಬೇಡಿಕೆಯು ಅದರ ಬೆಲೆಯನ್ನು ಹಲವು ಪಟ್ಟು ಏರಿಸಿತು. ಅದಿರು ಯಾರ ಸ್ವತ್ತು? ಶಾಸನದ ಪ್ರಕಾರ ಅದರ ಪಾಲು ರಾಜಧನದ ರೂಪದಲ್ಲಿ ಸಾರ್ವಜನಿಕರಿಗೆ ಸಲ್ಲತಕ್ಕದ್ದು. ಆದರೆ 2009ರ ಆಗಸ್ಟ್‌ವರೆಗೆ, ಟನ್ನಿಗೆ ಸಾವಿರಾರು ರೂಪಾಯಿ ಬಾಳುತ್ತಿದ್ದ ಅದಿರಿಗೆ ರಾಜಧನವು ಹೆಚ್ಚೆಂದರೆ 27 ರೂಪಾಯಿ! ಬೆಲೆ ಏರಿದರೂ ಜನರ ಪಾಲು ಏರದಂಥ ಏರ್ಪಾಡು ಅದಾಗಿತ್ತು. ಇದರ ಮೇಲೆ ಅಕ್ರಮವೂ ಸೇರಿತು. 2011ರ ಜುಲೈನ ಲೋಕಾಯುಕ್ತ ವರದಿಯು ಬೊಕ್ಕಸಕ್ಕಾದ ನಷ್ಟವನ್ನು ಸುಮಾರು 16,000 ಕೋಟಿ ರೂಪಾಯಿಗಳೆಂದು ಎಣಿಸಿತು. ನಾಣ್ಯದ ಆಟವು ಮೋಸವಿಲ್ಲದೆಯೇ ಅಸಮತೆಯನ್ನು ಹುಟ್ಟಿಸುವುದಾದರೆ, ಮೋಸವೂ ಬೆರೆತ ಆಟದ ಗತಿಯನ್ನು ಬೇರೆ ಹೇಳಬೇಕಾಗಿಲ್ಲ.

ಅದೇ ಕಾಲದಲ್ಲಿ ಅದಿರನ್ನು ಸುತ್ತಿಗೆಯಿಂದ ಒಡೆದವರು ದಿನಗೂಲಿಯವರು. ಹೊಸಪೇಟೆಯ ಸುತ್ತಿನ ಅನೇಕರು ಸಾಲ ಮಾಡಿ ಲಾರಿಗಳನ್ನು ಕೊಂಡರು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಪರಿಸರದ ದೃಷ್ಟಿಯಿಂದ ಅದು ಅಗತ್ಯವಾದ ಆಜ್ಞೆ. ಆದರೆ ಅದರ ಪೆಟ್ಟು ಎಲ್ಲರಿಗೂ ಒಂದೇ ತೆರನಾಗಿ ಬೀಳಲಿಲ್ಲ. ಹತ್ತು ಲಾರಿಗಳೂ ಹೊಲಮನೆಗಳೂ ಉಳ್ಳವನು ಕೆಲಕಾಲ ಕಾದುಕೊಂಡಿರಬಲ್ಲನು. ಸಾಲದ ಒಂದೇ ಲಾರಿಯವನಿಗೆ ಕಂತು ಕಾಯುವುದಿಲ್ಲ. 2013ರಲ್ಲಿ ಗಣಿಗಳು ಹಂತಹಂತವಾಗಿ ಮತ್ತೆ ತೆರೆಯುವವರೆಗೆ ಕಾಯಬಲ್ಲವರಷ್ಟೇ ಮುಂದಿನ ಸುತ್ತಿಗೆ ಉಳಿದರು. ಲಾರಿಯಿಲ್ಲದ ಕೂಲಿಯವನು ಮೊದಲ ಸುತ್ತಿನಲ್ಲಿಯೇ ಹೊರಬಿದ್ದಿದ್ದನು.

ಕಾಲುವೆಯ ತಲೆ, ಕಾಲುವೆಯ ಬಾಲ

ಅದಿರಿನ ಹಾಗೆಯೇ ನೀರು ಕೂಡ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗಳಿಗೆ ಹರಿಯಿತು. ಕಂಪ್ಲಿಯ ಸುತ್ತ ಬತ್ತ, ಕಬ್ಬು, ಬಾಳೆ ನಳನಳಿಸುತ್ತವೆ. ಕೆಲವೇ ಹರದಾರಿಗಳಾಚೆ, ಸಂಡೂರಿನ ಮಳೆಯಾಶ್ರಿತ ಹೊಲದ ಒಕ್ಕಲಿಗನು ಮುಗಿಲನ್ನು ನೋಡುತ್ತಾನೆ. ರಾಯಚೂರಿನ ಕಡೆಗೆ ಹೋಗುವ ಎಡದಂಡೆ ಕಾಲುವೆಯನ್ನು ಮುಖ್ಯವಾಗಿ ಕಡಮೆ ನೀರಿನ ಬೆಳೆಗಳಿಗೆಂದು ಯೋಜಿಸಲಾಗಿತ್ತು. ತಲೆಭಾಗದವರು ಬತ್ತಕ್ಕೆ ತಿರುಗಿದಾಗ ಕೊನೆಯ ಭಾಗದವರಿಗೆ ನೀರು ತಲಪದಾಯಿತು. ಇಬ್ಬರ ಶ್ರಮವೂ ಒಂದೇ. ಹೊಲವಿರುವ ಜಾಗ ಬೇರೆ. ಒಂದು ವರ್ಷದ ಲಾಭವು ಮರುವರ್ಷದ ಬೀಜ, ಗೊಬ್ಬರ, ಮಕ್ಕಳ ಓದು ಆಗುತ್ತದೆ. ಒಂದು ವರ್ಷದ ನಷ್ಟವು ಬಡ್ಡಿಯಾಗುತ್ತದೆ. ಹೀಗೆ ವ್ಯತ್ಯಾಸವು ತಲೆಮಾರಿನಿಂದ ತಲೆಮಾರಿಗೆ ಬೆಳೆಯುವುದು.

ಪರಿಣಾಮಗಳೂ ಪರಿಹಾರವೂ

ಅಸಮತೆಯ ಕೇಡು ಬಡವನ ಮನೆಯಲ್ಲಿಯೇ ನಿಲ್ಲುವುದಿಲ್ಲ. ಶಾಲೆ ಬಿಟ್ಟು ಕೂಲಿಗೆ ಹೋದ ಹುಡುಗಿಯಲ್ಲಿ ಒಬ್ಬ ವೈದ್ಯೆಯೋ ಯಂತ್ರಶಿಲ್ಪಿಯೋ ಅಡಗಿದ್ದರೆ ಆ ನಷ್ಟ ಊರಿನದು. ಕೊಳ್ಳುವ ಶಕ್ತಿ ಕೆಲವರಲ್ಲೇ ಉಳಿದರೆ ಸಂತೆಯ ಸಣ್ಣ ಅಂಗಡಿಗೂ ವ್ಯಾಪಾರವಿಲ್ಲ. ಹಣದ ಬಲವು ಆಡಳಿತವನ್ನೂ ಬಾಗಿಸತೊಡಗಿದರೆ ಆಟದ ನಿಯಮಗಳನ್ನು ಗೆದ್ದವರೇ ಬರೆಯುತ್ತಾರೆ.

ಪರಿಹಾರದ ಕೆಲವು ಹೆಜ್ಜೆಗಳನ್ನು ನಾವು ಕಂಡಿದ್ದೇವೆ. 2009ರಲ್ಲಿ ರಾಜಧನವನ್ನು ಮಾರಾಟಬೆಲೆಯ ಶೇಕಡ 10ಕ್ಕೂ, 2014ರಲ್ಲಿ ಶೇಕಡ 15ಕ್ಕೂ ನಿಗದಿಮಾಡಲಾಯಿತು. 2015ರ ತಿದ್ದುಪಡಿಯಂತೆ ಹಳೆಯ ಗಣಿಗುತ್ತಿಗೆದಾರರು ರಾಜಧನದ ಶೇಕಡ 30ರಷ್ಟನ್ನೂ ಹರಾಜಿನಲ್ಲಿ ಪಡೆದವರು ಶೇಕಡ 10ರಷ್ಟನ್ನೂ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಆ ಹಣವು ಗಣಿಪೀಡಿತ ಜನರ ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳಿಗೆ ಮೀಸಲು. 2010ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಸಂಡೂರಿನ ಲಂಬಾಣಿ ಕಸೂತಿಯು, ಗುಡ್ಡವನ್ನು ಅಗೆಯದೆಯೂ ಇಲ್ಲಿ ವರಮಾನ ಹುಟ್ಟಬಲ್ಲುದೆಂದು ತೋರಿಸಿದೆ.

ಇವುಗಳನ್ನು ದಾನಧರ್ಮವೆಂದು ತಿಳಿಯುವುದು ಸರಿಯಲ್ಲ. ಶಾಖದಂತೆ ಹಣವು ತಾನಾಗಿ ತಗ್ಗಿನೆಡೆಗೆ ಹರಿಯದು. ಅದಕ್ಕೆ ಕಾಲುವೆ ತೋಡಬೇಕು, ತೂಬನ್ನು ಕಾಯಬೇಕು, ಕೊನೆಯ ಹೊಲಕ್ಕೆ ಎಷ್ಟು ತಲಪಿತೆಂದು ಅಳೆಯಬೇಕು. ಖನಿಜ ನಿಧಿಯ ಲೆಕ್ಕವನ್ನು ಗ್ರಾಮಸಭೆಯಲ್ಲಿ ಕೇಳುವುದು ಆ ಅಳತೆಯ ಮೊದಲ ಹೆಜ್ಜೆ. 1565ರ ಯುದ್ಧದ ಬಳಿಕ ಹಂಪೆಯ ಅರಮನೆಗಳು ಹಾಳಾದವು, ಅಲ್ಲಿನ ಭಂಡಾರಗಳು ಬರಿದಾದವು. ಆ ಕಾಲದವರು ತೋಡಿದ ತುರ್ತು ಕಾಲುವೆ ಮಾತ್ರ ಇಂದಿಗೂ ಹಂಪೆಯ ಬಾಳೆತೋಟಗಳಿಗೆ ನೀರುಣಿಸುತ್ತಿದೆ.