ಅರವತ್ತೆಂಟು ಕೋಟಿ ಜನ, ಒಂದೇ ಮಾರುಕಟ್ಟೆ?

ಕಳೆದ ತಿಂಗಳು ನಮ್ಮ ಬೀದಿಯ ತರುಣನೊಬ್ಬ ತನ್ನ ಉದ್ಯಮ ಯೋಜನೆಯ ಕಡತವನ್ನು ಹಿಡಿದು ಮನೆಗೆ ಬಂದಿದ್ದ. ಅಂಗೈಯಗಲದ ಇಸಿಜಿ ಯಂತ್ರವೊಂದನ್ನು ಅವನೂ ಇಬ್ಬರು ಸ್ನೇಹಿತರೂ ಸೇರಿ ರೂಪಿಸಿದ್ದಾರೆ. ಬೆಂಗಳೂರು, ತುಮಕೂರಿನ ಕೆಲವು ನರ್ಸಿಂಗ್ ಹೋಮ್‌ಗಳು ಅದನ್ನು ಕೊಂಡಿವೆ. ಈಗ ಅವರ ಕಣ್ಣು ಆಗ್ನೇಯ ಏಷ್ಯಾದ ಮೇಲೆ. ಕಡತದ ಮೊದಲ ಪುಟದಲ್ಲಿಯೇ ದಪ್ಪ ಅಕ್ಷರಗಳಲ್ಲಿ ‘68 ಕೋಟಿ ಜನ, ಒಂದೇ ಮಾರುಕಟ್ಟೆ’ ಎಂದಿತ್ತು. ಈ ಸಾಹಸಕ್ಕೆ ಬೇಕಾದ ಹಣಕ್ಕಾಗಿ ಅವನ ತಂದೆ ಮನೆಯನ್ನು ಅಡವಿಡಲು ಸಿದ್ಧರಾಗಿದ್ದಾರೆ. ಅವರು ನಿವೃತ್ತ ಶಾಲಾ ಶಿಕ್ಷಕರು. ಆ ಮನೆಯ ಹೊರತು ಬೇರೆ ಆಸ್ತಿಯಿಲ್ಲ. ‘ಕೈಗಾರಿಕಾ ಇಲಾಖೆಯಲ್ಲಿದ್ದವರು ನೀವು, ಒಂದು ಮಾತು ಹೇಳಿ’ ಎಂದ. ಮೊದಲ ಪುಟವನ್ನು ಹರಿದು ಹಾಕು ಎಂದೆ. ಉಳಿದುದನ್ನು ಹೇಳಲು ಎರಡು ಸಂಜೆ ಬೇಕಾದವು.

ಆಸಿಯಾನ್ ಒಕ್ಕೂಟ 1967ರಲ್ಲಿ ಬ್ಯಾಂಕಾಕ್‌ನಲ್ಲಿ ಹುಟ್ಟಿತು. 2025ರ ಅಕ್ಟೋಬರ್‌ನಲ್ಲಿ ಪೂರ್ವ ತಿಮೋರ್ ಸೇರಿದ ಮೇಲೆ ಅದರ ಸದಸ್ಯ ರಾಷ್ಟ್ರಗಳು 11. ಅವುಗಳಲ್ಲಿ ಸಿಂಗಪುರವೂ ಇದೆ, ಮ್ಯಾನ್ಮಾರ್ ಕೂಡ ಇದೆ. ಇವೆರಡರ ತಲಾ ಆದಾಯವನ್ನು ಒಂದೇ ಸಾಲಿನಲ್ಲಿಟ್ಟು ಸರಾಸರಿ ತೆಗೆಯುವುದರಲ್ಲಿ ಅರ್ಥವಿಲ್ಲ. ಭಾರತದೊಡನೆ ಸರಕುಗಳ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದದ್ದು 2010ರಲ್ಲಿ, ಸೇವೆಗಳದ್ದು 2015ರಲ್ಲಿ. ಆದರೆ ವೈದ್ಯಕೀಯ ಉಪಕರಣಗಳ ಮಟ್ಟಿಗೆ ನಿಜವಾದ ಅಡ್ಡಿ ಸುಂಕವಲ್ಲ, ನೋಂದಣಿ. ಉಪಕರಣಗಳ ವರ್ಗೀಕರಣವನ್ನೂ ದಾಖಲೆಗಳ ನಮೂನೆಯನ್ನೂ ಏಕರೂಪಗೊಳಿಸುವ ಒಪ್ಪಂದಕ್ಕೆ ಆಸಿಯಾನ್ ರಾಷ್ಟ್ರಗಳು 2014ರಲ್ಲಿ ಸಹಿ ಹಾಕಿದವು. ನಮೂನೆ ಒಂದಾಗುತ್ತಿದೆ, ನಿಜ. ಅನುಮತಿ ಕೊಡುವ ಕಚೇರಿಗಳು ಮಾತ್ರ ಇಂದಿಗೂ ಬೇರೆ ಬೇರೆ. ಹನೋಯ್‌ನಲ್ಲಿ ಪಡೆದ ಅನುಮತಿ ಮನಿಲಾದಲ್ಲಿ ನಡೆಯದು.

ಇದಕ್ಕಿಂತಲೂ ಮುಖ್ಯವಾದ ಪ್ರಶ್ನೆಯೊಂದಿದೆ. ಹಣ ಕೊಡುವವರು ಯಾರು? ಎಂ.ಎ. ತರಗತಿಯಲ್ಲಿ ನಮಗೆ ಕಲಿಸಿದ ಬೇಡಿಕೆಯ ರೇಖೆಯಲ್ಲಿ ಆಯ್ಕೆ ಮಾಡುವವನು, ಬಳಸುವವನು, ಹಣ ತೆರುವವನು ಮೂವರೂ ಒಬ್ಬನೇ. ಆಸ್ಪತ್ರೆಯಲ್ಲಿ ಆಯ್ಕೆ ವೈದ್ಯನದು, ದೇಹ ರೋಗಿಯದು, ಹಣ ಬಹುವೇಳೆ ಮೂರನೆಯವರದು. ಆ ಮೂರನೆಯವರು ಯಾರು, ಅವರು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಅರಿಯದೆ ವಿಮಾನ ಹತ್ತಿದವರು ಹೋಟೆಲಿನ ಬಿಲ್ಲು ಕಟ್ಟಿ ಮರಳುತ್ತಾರೆ.

ನಮ್ಮ ನಿಯೋಗಗಳಿಗೆ ಸಾಮಾನ್ಯವಾಗಿ ತೋರಿಸುವುದು ಬ್ಯಾಂಕಾಕ್, ಸಿಂಗಪುರ, ಪೆನಾಂಗ್‌ಗಳ ಥಳಥಳಿಸುವ ಖಾಸಗಿ ಆಸ್ಪತ್ರೆಗಳನ್ನು. 1997ರ ಜುಲೈನಲ್ಲಿ ಥಾಯ್ ಬಾತ್ ಕುಸಿದಾಗ ಸ್ಥಳೀಯ ರೋಗಿಗಳನ್ನು ಕಳೆದುಕೊಂಡ ಬ್ಯಾಂಕಾಕ್‌ನ ಬುಮ್ರುಂಗ್ರಾಡ್‌ನಂತಹ ಆಸ್ಪತ್ರೆಗಳು ವಿದೇಶಿ ರೋಗಿಗಳತ್ತ ತಿರುಗಿದವು. ಕರೆನ್ಸಿ ಅಗ್ಗವಾದುದೇ ಅವುಗಳಿಗೆ ಬಂಡವಾಳವಾಯಿತು. ಸುಮಾತ್ರಾದ ಮೇದಾನ್‌ನ ರೋಗಿಗಳು ಜಲಸಂಧಿ ದಾಟಿ ಪೆನಾಂಗ್‌ಗೆ ಹೋಗುವುದು ಇಂದು ನಿತ್ಯದ ಸಂಗತಿ. ಇದೆಲ್ಲ ದೊಡ್ಡ ವ್ಯವಹಾರವೇ. ಆದರೆ ಇಂತಹ ಆಸ್ಪತ್ರೆಗಳು ಉಪಕರಣ ಕೊಳ್ಳುವಾಗ ಜರ್ಮನಿ, ಜಪಾನ್, ಅಮೆರಿಕದ ಹೆಸರುಗಳನ್ನು ನೋಡುತ್ತವೆ. ದೂರದಿಂದ ಬಂದ ರೋಗಿಗೆ ಆ ಹೆಸರೇ ಅರ್ಧ ಭರವಸೆ. ನಮ್ಮವರು ‘ಅಗ್ಗ’ ಎಂದು ಹೇಳಿದೊಡನೆ ಅಲ್ಲಿ ಮಾತು ಮುಗಿಯುತ್ತದೆ.

ಅಗ್ಗಕ್ಕೆ ಬೆಲೆಯಿರುವುದು ಬೇರೊಂದು ಕಡೆ. ಥಾಯ್ಲೆಂಡ್‌ನಲ್ಲಿ 2001ರಲ್ಲಿ ‘30 ಬಾತ್’ ಯೋಜನೆಯೆಂದು ಆರಂಭವಾಗಿ 2002ರ ಕಾನೂನಿನಿಂದ ಭದ್ರವಾದ ಸಾರ್ವತ್ರಿಕ ಆರೋಗ್ಯ ವ್ಯವಸ್ಥೆಯಿದೆ. ಇಂಡೊನೇಷ್ಯಾ 2014ರ ಜನವರಿ 1ರಂದು ರಾಷ್ಟ್ರೀಯ ಆರೋಗ್ಯ ವಿಮೆಯನ್ನು ಆರಂಭಿಸಿತು. 28 ಕೋಟಿ ಜನರಿರುವ ಆ ದೇಶದ ಶೇಕಡ 90ಕ್ಕೂ ಹೆಚ್ಚು ಮಂದಿ ಇಂದು ಅದರ ಸದಸ್ಯರು. ಪುಸ್ಕೆಸ್ಮಾಸ್ ಎಂದು ಕರೆಯುವ ಅಲ್ಲಿನ ಸಮುದಾಯ ಆರೋಗ್ಯ ಕೇಂದ್ರಗಳೇ ಸುಮಾರು 10 ಸಾವಿರ. ಇವುಗಳಿಗೆ ಹಣ ಬರುವುದು ನೋಂದಾಯಿತ ಜನರ ತಲೆಯೆಣಿಕೆಯ ಮೇಲೆ. ದೊಡ್ಡ ಆಸ್ಪತ್ರೆಗಳಿಗೆ ಕಾಯಿಲೆಯ ಬಗೆಗನುಸಾರ ನಿಗದಿಯಾದ ಮೊತ್ತ. ಅಂದರೆ ಪ್ರತಿ ಪರೀಕ್ಷೆಗೂ ಪ್ರತ್ಯೇಕ ಬಿಲ್ಲು ಬರೆಯುವ ಖಾಸಗಿ ಆಸ್ಪತ್ರೆಗೆ ಯಂತ್ರವೊಂದು ಆದಾಯದ ಮೂಲವಾದರೆ, ಇಲ್ಲಿ ಅದೇ ಯಂತ್ರ ಖರ್ಚಿನ ಬಾಬತ್ತು. ಒಂದು ಇಸಿಜಿ ಹೆಚ್ಚು ತೆಗೆದರೆ ಕೇಂದ್ರಕ್ಕೆ ಒಂದು ರುಪಯಾ ಹೆಚ್ಚು ಸಿಗುವುದಿಲ್ಲ. ಆದರೆ ಆ ಇಸಿಜಿಯಿಂದ ಅನವಶ್ಯಕವಾಗಿ ಒಬ್ಬ ರೋಗಿಯನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸುವುದು ತಪ್ಪಿತೆಂದು ತೋರಿಸಿಕೊಟ್ಟರೆ ವ್ಯವಸ್ಥೆ ಕಿವಿಗೊಡುತ್ತದೆ. ನಮ್ಮ ತರುಣನ ಕಡತದಲ್ಲಿ ಯಂತ್ರದ ಬೆಲೆಯಿತ್ತು, ಈ ಲೆಕ್ಕ ಇರಲಿಲ್ಲ.

ಥಾಯ್ಲೆಂಡ್ ಈ ಲೆಕ್ಕವನ್ನು ಶಾಸ್ತ್ರದ ಮಟ್ಟಕ್ಕೆ ಒಯ್ದಿದೆ. ಚಿಕಿತ್ಸೆಗಳ ಮೌಲ್ಯಮಾಪನಕ್ಕೆಂದು 2007ರಲ್ಲಿ ಸ್ಥಾಪನೆಯಾದ ಹಿಟ್ಯಾಪ್ ಎಂಬ ಸಂಸ್ಥೆ ಅಲ್ಲಿದೆ. ಹೊಸ ಔಷಧವೊಂದು ರೋಗಿಗೆ ಆರೋಗ್ಯಪೂರ್ಣವಾದ ಒಂದು ವರ್ಷವನ್ನು ಗಳಿಸಿಕೊಡಲು 1,60,000 ಬಾತ್‌ಗಿಂತ ಹೆಚ್ಚು ಖರ್ಚಾಗುವಂತಿದ್ದರೆ ಸಾರ್ವಜನಿಕ ಹಣಕ್ಕೆ ಅದು ದುಬಾರಿ ಎಂಬುದು ಅಲ್ಲಿನ ಮಾನದಂಡ. ನಿರ್ದಯವೆನಿಸಬಹುದು. ಆದರೆ ಭಾರತದ ಔಷಧೋದ್ಯಮಕ್ಕೆ ಬಾಗಿಲು ತೆರೆದದ್ದು ಇಂತಹ ನಿರ್ದಯ ಲೆಕ್ಕವೇ. 2006ರ ನವೆಂಬರ್‌ನಲ್ಲಿ ಥಾಯ್ ಸರ್ಕಾರ ಎಚ್‌ಐವಿ ಔಷಧ ಎಫಾವಿರೆನ್ಜ್‌ಗೆ ಕಡ್ಡಾಯ ಪರವಾನಗಿ ಘೋಷಿಸಿ, ಭಾರತದಲ್ಲಿ ತಯಾರಾದ ಜೆನೆರಿಕ್ ಔಷಧವನ್ನು ತರಿಸಿಕೊಂಡಿತು. ಬೃಹತ್ ಕಂಪನಿಗಳು ಮುನಿದವು. ರೋಗಿಗಳಿಗೆ ಔಷಧ ಸಿಕ್ಕಿತು.

ನನ್ನದೇ ತಪ್ಪೊಂದನ್ನು ಇಲ್ಲಿ ಹೇಳಬೇಕು. 2012ರಲ್ಲಿ ಸಣ್ಣ ಉದ್ಯಮಿಗಳ ನಿಯೋಗವೊಂದರ ಜೊತೆ ಅಧಿಕಾರಿಯಾಗಿ ಜಕಾರ್ತಾಕ್ಕೆ ಹೋಗಿದ್ದೆ. ಪೀಣ್ಯದಲ್ಲಿ ಶಸ್ತ್ರಚಿಕಿತ್ಸಾ ಸಲಕರಣೆಗಳ ಕ್ರಿಮಿಶುದ್ಧೀಕರಣ ಯಂತ್ರ ತಯಾರಿಸುತ್ತಿದ್ದ ಒಬ್ಬರು ಅಲ್ಲಿನ ವಿತರಕನೊಡನೆ ಐದು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು. ಫೋಟೊ ತೆಗೆಸಿಕೊಂಡೆವು, ಚಪ್ಪಾಳೆ ತಟ್ಟಿದೆವು. ಊರಿಗೆ ಮರಳಿ ನಾನು ಬರೆದ ವರದಿಯ ‘ಯಶಸ್ಸು’ ಎಂಬ ಕಲಮಿನಲ್ಲಿ ಅದು ಸೇರಿತು. ಇಂಡೊನೇಷ್ಯಾದಲ್ಲಿ ವಿದೇಶಿ ಉಪಕರಣದ ಮಾರಾಟ ಪರವಾನಗಿ ಇರುವುದು ತಯಾರಕನ ಹೆಸರಿನಲ್ಲಲ್ಲ, ಸ್ಥಳೀಯ ವಿತರಕನ ಹೆಸರಿನಲ್ಲಿ ಎಂಬುದನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ಯೋಚಿಸಿರಲಿಲ್ಲ. ಆ ವಿತರಕ ಅದಾಗಲೇ ಬೇರೊಂದು ದೇಶದ ಅದೇ ಬಗೆಯ ಯಂತ್ರವನ್ನು ಮಾರುತ್ತಿದ್ದ. ನಮ್ಮವರದನ್ನು ಅವನು ನೋಂದಾಯಿಸಿದ್ದು ಮತ್ತೊಬ್ಬರು ಮಾರದಿರಲಿ ಎಂಬ ಕಾರಣಕ್ಕೆ. ಐದು ವರ್ಷಗಳಲ್ಲಿ ಮಾರಾಟವಾದದ್ದು ನಾಲ್ಕು ಯಂತ್ರ. ಆ ಮಾರುಕಟ್ಟೆಗೆಂದೇ ಸಾಲ ಮಾಡಿ ಹಾಕಿದ್ದ ಶೆಡ್ಡನ್ನು ಅವರು ಮಾರಬೇಕಾಯಿತು. ನನ್ನ ವರದಿಯನ್ನು ಮಾತ್ರ ಯಾರೂ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ.

ಈಗ ದಾರಿಗಳಿವೆ. ಉಪಕರಣ ಮಾರದ, ನೋಂದಣಿಯ ಸೇವೆಯನ್ನಷ್ಟೇ ಮಾಡುವ ಸ್ವತಂತ್ರ ಸಂಸ್ಥೆಯ ಹೆಸರಿನಲ್ಲಿ ಪರವಾನಗಿ ಇರಿಸಿ, ವಿತರಕರನ್ನು ಪ್ರತ್ಯೇಕವಾಗಿ ನೇಮಿಸಬಹುದು. ಅದಕ್ಕೂ ಖರ್ಚಿದೆ. ಇದರ ಮೇಲೆ, ಸರ್ಕಾರಿ ಖರೀದಿಯಲ್ಲಿ ದೇಶೀಯ ಅಂಶ ಇಂತಿಷ್ಟು ಇರುವ ಉತ್ಪನ್ನಗಳಿಗೆ ಇಂಡೊನೇಷ್ಯಾ ಆದ್ಯತೆ ಕೊಡುತ್ತದೆ. ಕೆಲವು ವರ್ಷಗಳಲ್ಲಿ ಬಿಡಿಭಾಗಗಳನ್ನಾದರೂ ಅಲ್ಲಿಯೇ ಜೋಡಿಸಬೇಕಾಗುತ್ತದೆ. ಮೇಕ್ ಇನ್ ಇಂಡಿಯಾ ಎನ್ನುವ ನಾವು ಇದನ್ನು ಆಕ್ಷೇಪಿಸುವಂತೆಯೂ ಇಲ್ಲ.

ತಂತ್ರಾಂಶದ ಕಥೆ ಬೇರೆ. 2022ರಲ್ಲಿ ಇಂಡೊನೇಷ್ಯಾ ‘ಸತುಸೆಹತ್’ ಎಂಬ ರಾಷ್ಟ್ರೀಯ ಆರೋಗ್ಯ ಮಾಹಿತಿ ಜಾಲವನ್ನು ಆರಂಭಿಸಿತು. ಎಲ್ಲ ಆಸ್ಪತ್ರೆ, ಚಿಕಿತ್ಸಾಲಯಗಳೂ 2023ರ ಅಂತ್ಯದೊಳಗೆ ರೋಗಿಗಳ ದಾಖಲೆಯನ್ನು ವಿದ್ಯುನ್ಮಾನಗೊಳಿಸಬೇಕೆಂದು ಆದೇಶಿಸಿತು. ಆ ಜಾಲ ಬಳಸುವ ಫೈರ್ ಎಂಬ ಮಾಹಿತಿ ವಿನಿಮಯದ ಮಾನದಂಡವನ್ನೇ ನಮ್ಮ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಸಹ ಬಳಸುತ್ತದೆ. ಬೆಂಗಳೂರಿನ ಹುಡುಗರು ಇಲ್ಲಿ ಕಲಿತ ಕಷ್ಟ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಪರದೆಯ ಮೇಲಿನ ಭಾಷೆ ಇಂಡೊನೇಷ್ಯನ್ ಆಗಿರಬೇಕು. ಇಂಗ್ಲಿಷ್ ಇದ್ದರೆ ಸಾಕೆಂಬ ನಮ್ಮ ಅಹಂಕಾರ ಸಿಂಗಪುರ, ಮನಿಲಾದಲ್ಲಿ ನಡೆದೀತು. ಬ್ಯಾಂಕಾಕ್‌ನ ಹೊರವಲಯ ದಾಟಿದರೆ ನಡೆಯದು.

ವಿಶ್ವಾಸದ ಮಾತನ್ನೂ ಆಡಬೇಕು. 2022ರಲ್ಲಿ ಗ್ಯಾಂಬಿಯಾ, ಉಜ್ಬೇಕಿಸ್ತಾನ್‌ಗಳಲ್ಲಿ ಸಂಭವಿಸಿದ ಮಕ್ಕಳ ಸಾವಿನ ಹಿನ್ನೆಲೆಯಲ್ಲಿ ಭಾರತದಲ್ಲಿ ತಯಾರಾದ ಕೆಮ್ಮಿನ ಔಷಧಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ನೀಡಿತು. ಅದೇ ಹೊತ್ತಿಗೆ ಇಂಡೊನೇಷ್ಯಾದಲ್ಲಿ ಸ್ಥಳೀಯವಾಗಿ ತಯಾರಾದ ಕಲಬೆರಕೆ ಸಿರಪ್‌ಗಳಿಂದ ಮೂತ್ರಪಿಂಡ ವಿಫಲಗೊಂಡು ಸುಮಾರು 200 ಮಕ್ಕಳು ಸತ್ತರು. ಇದಾದ ಬಳಿಕ ಆ ಭಾಗದ ಅಧಿಕಾರಿ ನಮ್ಮ ಕಡತವನ್ನು ಎರಡು ಸಲ ತಿರುವಿ ಹಾಕಿದರೆ ಅವನನ್ನು ದೂರಲಾರೆ.

ಹಾಗೆಂದು ನಮಗೆ ಅಲ್ಲಿ ಗುರುತೇ ಇಲ್ಲವೆಂದಲ್ಲ. ಮಲೇಷ್ಯಾದ ವೈದ್ಯರ ಹಲವು ತಲೆಮಾರುಗಳು ಮಣಿಪಾಲದಲ್ಲಿ ಓದಿವೆ. 1997ರಲ್ಲಿ ಆರಂಭವಾದ ಮೆಲಾಕಾ-ಮಣಿಪಾಲ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಮೊದಲ ವರ್ಷಗಳನ್ನು ಮಣಿಪಾಲದಲ್ಲಿ, ಮುಂದಿನವನ್ನು ಮೆಲಾಕಾದಲ್ಲಿ ಕಳೆಯುತ್ತಿದ್ದರು. ಒಮ್ಮೆ ಮೆಲಾಕಾದಲ್ಲಿ ಭೇಟಿಯಾದ ಮಲಯ್ ವೈದ್ಯೆಯೊಬ್ಬರು ಮೊದಲು ಕೇಳಿದ್ದು ಉಡುಪಿಯ ಗೋಳಿಬಜೆಯ ವಿಷಯ. ಇಂತಹ ಪರಿಚಯವನ್ನು ಬಳಸಿಕೊಳ್ಳುವ ಜಾಣ್ಮೆ ನಮಗಿಂತ ಅವರಿಗೇ ಹೆಚ್ಚು. 2010ರಲ್ಲಿ ನಮ್ಮ ಫೋರ್ಟಿಸ್, ಸಿಂಗಪುರದ ಪಾರ್ಕ್‌ವೇ ಆಸ್ಪತ್ರೆ ಸಮೂಹದ ಸುಮಾರು ಕಾಲು ಪಾಲನ್ನು ಕೊಂಡು, ಕೆಲವೇ ತಿಂಗಳಲ್ಲಿ ಮಲೇಷ್ಯಾ ಸರ್ಕಾರದ ಹೂಡಿಕೆ ಸಂಸ್ಥೆ ಖಜಾನಾಗೆ ಮಾರಿ ಹೊರಬಂದಿತು. (ಹೆಸರು ನಮ್ಮ ಖಜಾನೆಯದೇ.) ಎಂಟು ವರ್ಷಗಳ ನಂತರ, ಅದೇ ಪಾರ್ಕ್‌ವೇಯನ್ನು ಒಳಗೊಂಡ ಐಎಚ್‌ಎಚ್ ಸಮೂಹ ಫೋರ್ಟಿಸ್‌ನ ನಿಯಂತ್ರಣವನ್ನೇ ಪಡೆಯಿತು. 2023ರಲ್ಲಿ ಸಿಂಗಪುರದ ಟೆಮಾಸೆಕ್ ಮಣಿಪಾಲ್ ಆಸ್ಪತ್ರೆಗಳ ಬಹುಪಾಲು ಒಡೆತನ ಕೊಂಡಿತು. ಅವಕಾಶ ಅರಸಿ ನಾವು ಪೂರ್ವಕ್ಕೆ ಹೊರಡುವ ಮಾತಾಡುತ್ತಿದ್ದಾಗ ಅವರು ಬನ್ನೇರುಘಟ್ಟ ರಸ್ತೆಗೂ ಹಳೆಯ ವಿಮಾನ ನಿಲ್ದಾಣ ರಸ್ತೆಗೂ ಬಂದು ತಲುಪಿದ್ದರು.

ಎರಡನೆಯ ಸಂಜೆ ತರುಣ ಹೆಚ್ಚು ಮಾತಾಡಲಿಲ್ಲ. ಬರೆದುಕೊಳ್ಳುತ್ತಿದ್ದ. ಕಳೆದ ವಾರ ಮತ್ತೆ ಬಂದ. 11 ದೇಶಗಳ ಪಟ್ಟಿಯಲ್ಲಿ ಈಗ ಉಳಿದಿರುವುದು ಇಂಡೊನೇಷ್ಯಾ ಒಂದೇ. ಬರುವ ತಿಂಗಳು ಪೂರ್ವ ಜಾವಾಕ್ಕೆ ಹೋಗಿ, ಒಪ್ಪಿಗೆ ಸಿಕ್ಕರೆ, ಮೂರು ವಾರ ಪುಸ್ಕೆಸ್ಮಾಸ್ ಒಂದರಲ್ಲಿ ಕೂತು ದಿನಕ್ಕೆಷ್ಟು ಮಂದಿಯನ್ನು ಎದೆನೋವೆಂದು ಮೇಲಿನ ಆಸ್ಪತ್ರೆಗೆ ಕಳುಹಿಸುತ್ತಾರೆಂದು ಎಣಿಸುವನಂತೆ. ಯಂತ್ರವನ್ನು ಒಯ್ಯುವುದಿಲ್ಲ. ಪ್ರಯಾಣಕ್ಕೆ ಮೂವರು ಗೆಳೆಯರೂ ತಮ್ಮ ಉಳಿತಾಯವನ್ನೇ ಹಾಕುತ್ತಿದ್ದಾರೆ. ಅವನ ತಂದೆ ಅಡಮಾನದ ಕಾಗದಗಳನ್ನು ಓದಿ ಹೇಳಿ ಎಂದು ನನ್ನ ಬಳಿ ಬಿಟ್ಟು ಹೋಗಿದ್ದರು. ಮಗ ಮರಳುವವರೆಗೆ ಅವು ನನ್ನ ಮೇಜಿನ ಖಾನೆಯಲ್ಲಿಯೇ ಇರಲಿ ಎಂದು ಅವರಿಗೆ ಹೇಳಿ ಕಳುಹಿಸಿದ್ದೇನೆ.